ಸತ್ತ ಲ್ಯಾಪ್‌ಟಾಪ್ ಬೋರ್ಡಿನ ದೋಷ ಹುಡುಕುವ ಕ್ರಮ: ಹೊಸದಾಗಿ ಕಲಿಯುವವರಿಗೆ

ಪವರ್ ಬಟನ್ ಒತ್ತಿದರೆ ದೀಪವೂ ಹತ್ತದ, ಫ್ಯಾನೂ ತಿರುಗದ ಲ್ಯಾಪ್‌ಟಾಪು ಮೇಜಿಗೆ ಬಂದಾಗ ಹೊಸದಾಗಿ ಕಲಿಯುವವರ ಕೈ ಮೊದಲು ಹೋಗುವುದು ಹಾಟ್ ಏರ್ ಗನ್ನಿನ ಕಡೆಗೆ. ದೊಡ್ಡ ಚಿಪ್ಪಿಗೆ ಒಮ್ಮೆ ಬಿಸಿ ಕೊಟ್ಟರೆ ಬೋರ್ಡು (ಮದರ್‌ಬೋರ್ಡು) ಎದ್ದು ಕೂರುತ್ತದೆ ಎಂಬ ನಂಬಿಕೆಯನ್ನು ವಿಡಿಯೋಗಳು ಚೆನ್ನಾಗಿ ಹಬ್ಬಿಸಿವೆ. ಹಾಗೆ ಎದ್ದ ಬೋರ್ಡುಗಳಲ್ಲಿ ಹೆಚ್ಚಿನವು ಸ್ವಲ್ಪ ಕಾಲದಲ್ಲಿಯೇ ಮತ್ತೆ ಮಲಗುತ್ತವೆ, ಮತ್ತು ಎರಡನೆಯ ಸಲ ಬರುವಾಗ ಹಳೆಯ ದೋಷದ ಜೊತೆಗೆ ಬಿಸಿಯಿಂದ ಹುಟ್ಟಿದ ಹೊಸ ದೋಷವನ್ನೂ ತಂದಿರುತ್ತವೆ. ಮೀಟರ್ ಹೇಳುವ ತನಕ ಬಿಸಿ ಮುಟ್ಟಿಸಬಾರದು ಎಂಬುದು ಈ ಬರಹದ ಒಂದೇ ಆಗ್ರಹ. ಉಳಿದುದೆಲ್ಲ ಮೀಟರನ್ನು ಎಲ್ಲಿ, ಯಾವ ಕ್ರಮದಲ್ಲಿ ಇಡಬೇಕು ಎಂಬುದರ ವಿವರ.

ಬೋರ್ಡು ಚಾಲೂ ಆಗುವುದಕ್ಕೆ ನಿಶ್ಚಿತವಾದ ಅನುಕ್ರಮವಿದೆ. ಅಡಾಪ್ಟರಿನ 19 ವೋಲ್ಟ್ ಒಳಗೆ ಬಂದು, ಚಾರ್ಜಿಂಗ್ ಐಸಿ (ಒಳಬರುವ ವಿದ್ಯುತ್ತನ್ನು ನಿಯಂತ್ರಿಸುವ ಚಿಪ್) ಅದನ್ನು ಒಪ್ಪಿ, ಇಡೀ ಬೋರ್ಡಿಗೆ ವಿದ್ಯುತ್ತು ಹಂಚುವ ಮೇನ್ ಲೈನಿಗೆ ಬಿಟ್ಟ ಮೇಲೆ ಅದರಿಂದ 3.3 ಮತ್ತು 5 ವೋಲ್ಟ್ ಹುಟ್ಟುತ್ತವೆ, ಆ 3.3 ವೋಲ್ಟಿನಿಂದ ಬಟನ್ ಮತ್ತು ಸಪ್ಲೈಗಳ ಉಸ್ತುವಾರಿ ನೋಡುವ ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್ ಎಚ್ಚರಗೊಳ್ಳುತ್ತದೆ. ಬಟನ್ ಒತ್ತಿದಾಗ ಅದು ಚಿಪ್‌ಸೆಟ್ಟಿಗೆ ಸೂಚನೆ ಕೊಡುತ್ತದೆ. ಚಿಪ್‌ಸೆಟ್ ಅನುಮತಿಸಿದ ಮೇಲೆ ರ್‍ಯಾಮಿನ ಸಪ್ಲೈ, ಇತರ ಸಣ್ಣ ಸಪ್ಲೈಗಳು, ಕೊನೆಗೆ ಪ್ರೊಸೆಸರಿನ ಸಪ್ಲೈ ಬರುತ್ತವೆ. ಒಂದು ಹಂತ ಸರಿಯಾಗಿದೆ ಎಂಬ ಸಂಕೇತ ಸಿಗದೆ ಮುಂದಿನದು ಏಳುವುದಿಲ್ಲ. ಆದ್ದರಿಂದ ಜೀವ ಇರುವ ಕೊನೆಯ ಹಂತ ಯಾವುದು, ಜೀವ ಇಲ್ಲದ ಮೊದಲ ಹಂತ ಯಾವುದು ಎಂದು ಗೊತ್ತಾದರೆ ದೋಷವು ಆ ಎರಡರ ನಡುವೆ ಇದೆ ಎಂದೇ ಅರ್ಥ. ಅಡಿಕೆ ತೋಟದ ಸ್ಪ್ರಿಂಕ್ಲರಿಗೆ ನೀರು ಬಾರದಿದ್ದಾಗ ಪಂಪಿನ ಬಾಯಿಯಿಂದ ಹೊರಟು ಒಂದೊಂದೇ ಗೇಟ್‌ವಾಲ್ವ್ ನೋಡುತ್ತ ಹೋಗುವ ಕ್ರಮವೇ ಇಲ್ಲಿಯದೂ ಹೌದು.

ಬಿಚ್ಚುವ ಮೊದಲು

ಮೊದಲು ಕೇಳಬೇಕಾದದ್ದು, ಸಾಯುವ ಹೊತ್ತಿಗೆ ಏನು ನಡೆಯಿತು ಎಂದು. ಕಾಸರಗೋಡಿನ ಅಂಗಡಿಗೆ ಬರುವವರು ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಬ್ಯಾರಿಯಲ್ಲೋ ಹೇಳಲಿ, ಸುದ್ದಿ ಮಾತ್ರ ಹೆಚ್ಚಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ: ನೀರು ಅಥವಾ ಚಹಾ ಬಿದ್ದಿದೆ, ಸಿಡಿಲು ಹೊಡೆದಿದೆ, ಕೆಳಗೆ ಬಿದ್ದಿದೆ, ಇಲ್ಲವೇ ಈಗಾಗಲೇ ಒಬ್ಬರು ಬಿಚ್ಚಿ ನೋಡಿದ್ದಾರೆ. ಕೊನೆಯದನ್ನು ಜನ ಸುಲಭವಾಗಿ ಹೇಳುವುದಿಲ್ಲ. ಒಂದೆರಡು ಸ್ಕ್ರೂ ಇಲ್ಲದಿರುವುದು, ಬೋರ್ಡಿನ ಮೇಲೆ ಬೆಸುಗೆಗೆ ಬಳಸುವ ಅಂಟಂಟಾದ ಫ್ಲಕ್ಸ್ ಉಳಿದಿರುವುದು ಅವರ ಪರವಾಗಿ ಹೇಳುತ್ತದೆ. ಇಂತಹ ಬೋರ್ಡಿನಲ್ಲಿ ಮೂಲದೋಷಕ್ಕಿಂತ ಮೊದಲು ರಿಪೇರಿಯ ದೋಷವನ್ನು ಹುಡುಕಬೇಕು, ಏಕೆಂದರೆ ತಿರುಗಿಸಿ ಕೂರಿಸಿದ ಐಸಿ ಅಥವಾ ಹಾರಿಹೋದ ಸಣ್ಣ ರೆಸಿಸ್ಟರ್ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಬಳಸದೆ ಕಪಾಟಿನಲ್ಲಿಟ್ಟ ಲ್ಯಾಪ್‌ಟಾಪಿನೊಳಗೆ ತೇವ ಕೂರುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯ ಮನೆಗಳಲ್ಲಿ ಗಾಳಿಯ ಉಪ್ಪೂ ಅದಕ್ಕೆ ಸೇರಿ ಕನೆಕ್ಟರಿನ ಕಾಲುಗಳು ಹಸಿರುಗಟ್ಟುತ್ತವೆ. ಬೆಚ್ಚಗಿನ ಜಾಗವೆಂದು ಇರುವೆ ಗೂಡು ಕಟ್ಟಿದ ಬೋರ್ಡುಗಳೂ ಬರುತ್ತವೆ. ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು ಮತ್ತು ತುಲಾಮಾಸದ (ಅಕ್ಟೋಬರ್-ನವೆಂಬರ್) ಸಿಡಿಲು ಅಡಾಪ್ಟರಿನ ದಾರಿಯಿಂದಲೂ ಇಂಟರ್‌ನೆಟ್ಟಿನ ಲ್ಯಾನ್ ಕೇಬಲಿನ ದಾರಿಯಿಂದಲೂ ಒಳನುಗ್ಗುತ್ತವೆ. ಎರಡನೆಯ ದಾರಿಯನ್ನು ಮರೆಯುವವರೇ ಹೆಚ್ಚು. ಲ್ಯಾನ್ ಚಿಪ್ ಸುಟ್ಟು 3.3 ವೋಲ್ಟಿನ ಲೈನನ್ನು ನೆಲಕ್ಕೆ (ಗ್ರೌಂಡಿಗೆ) ಎಳೆದು ಹಿಡಿದರೆ ಇಡೀ ಬೋರ್ಡು ಸತ್ತಂತೆಯೇ ಕಾಣುತ್ತದೆ.

ಆಮೇಲೆ ಅಡಾಪ್ಟರ್. ಅದರ ಮೇಲೆ ಬರೆದಿರುವ ವೋಲ್ಟೇಜು, ಅಂದರೆ ಸಾಮಾನ್ಯವಾಗಿ 19 ಅಥವಾ 19.5, ಮೀಟರಿನಲ್ಲಿ ಬರಬೇಕು. ಬಂದರೂ ಅದು ಪೂರ್ತಿ ಪುರಾವೆಯಲ್ಲ, ಏಕೆಂದರೆ ಹೊರೆ ಇಲ್ಲದಾಗ ಸರಿಯಾಗಿ ತೋರಿಸಿ ಹೊರೆ ಬಿದ್ದೊಡನೆ ಕುಸಿಯುವ ಅಡಾಪ್ಟರುಗಳಿವೆ; ಅದೇ ಮಾದರಿಯ ಇನ್ನೊಂದನ್ನು ಹಾಕಿ ನೋಡುವುದೇ ಒಳ್ಳೆಯದು. ಕೆಲವು ಡೆಲ್ ಮತ್ತು ಎಚ್‌ಪಿ ಅಡಾಪ್ಟರುಗಳ ನಡುವಿನ ತೆಳುವಾದ ಪಿನ್ನು ವಿದ್ಯುತ್ತಿಗಲ್ಲ, ಗುರುತಿಗೆ. ಅದು ಮುರಿದರೆ ಬ್ಯಾಟರಿ ಚಾರ್ಜ್ ಆಗದೆ, ಯಂತ್ರ ನಿಧಾನವಾಗುತ್ತದೆ. ಟೈಪ್-ಸಿ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ ಮತ್ತು ಬೋರ್ಡಿನ ಜೊತೆ ಮಾತುಕತೆ ಮುಗಿದ ಮೇಲೆ 20ಕ್ಕೆ ಏರುತ್ತದೆ. ನಡುವೆ ಒಂದು ಯುಎಸ್‌ಬಿ ಮೀಟರ್ ಸಿಕ್ಕಿಸಿ ನೋಡಿದಾಗ ಅದು 5ರಲ್ಲಿಯೇ ನಿಂತಿದ್ದರೆ ಹುಡುಕಾಟ ಆ ಪೋರ್ಟಿನ ಸುತ್ತ ಆರಂಭವಾಗಬೇಕು. ಅಡಾಪ್ಟರನ್ನು ಮಾತ್ರ ಬಿಚ್ಚಲು ಹೋಗಬಾರದು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ.

ಅಡಾಪ್ಟರ್ ತೆಗೆದು, ಬ್ಯಾಟರಿಯ ಕನೆಕ್ಟರ್ ಕಳಚಿ, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಬರೀ ಅಡಾಪ್ಟರಿನಲ್ಲಿ ಚಾಲೂ ಮಾಡಿ ನೋಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಕಂಟ್ರೋಲರ್ ಸಿಕ್ಕಿಹಾಕಿಕೊಂಡಿದ್ದ ಯಂತ್ರಗಳು ಇಷ್ಟಕ್ಕೇ ಏಳುವುದುಂಟು.

ಸಲಕರಣೆ ಮತ್ತು ಎಚ್ಚರಿಕೆ

ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್, ಚೂಪು ಮೊನೆಯ ಪ್ರೋಬುಗಳು, 30 ವೋಲ್ಟ್ 5 ಆಂಪಿಯರಿನ ಡಿಸಿ ಸಪ್ಲೈ, ಉಷ್ಣತೆ ಹೊಂದಿಸಬಹುದಾದ ಸೋಲ್ಡರಿಂಗ್ ಸ್ಟೇಷನ್, ಫ್ಲಕ್ಸ್, ಟ್ವೀಸರ್, 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್: ಆರಂಭಕ್ಕೆ ಇಷ್ಟು ಸಾಕು. ಹಣ ಕಡಿಮೆಯಿದ್ದರೆ ಹಾಟ್ ಏರನ್ನು ಮುಂದಕ್ಕೆ ಹಾಕಿ ಡಿಸಿ ಸಪ್ಲೈಯನ್ನು ಮೊದಲು ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಬೋರ್ಡು ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ತೋರಿಸುವ ಆ ಒಂದು ಅಂಕಿ ಅರ್ಧ ರೋಗವನ್ನು ಹೇಳುತ್ತದೆ.

ಬಿಚ್ಚಿದ ಯಂತ್ರದಲ್ಲಿ ಮೊದಲ ಕೆಲಸ ಬ್ಯಾಟರಿ ಕಳಚುವುದು. ಅಡಾಪ್ಟರ್ ತೆಗೆದಿದ್ದೇವೆ ಎಂಬ ಧೈರ್ಯದಲ್ಲಿ ಬ್ಯಾಟರಿ ಇರುವಾಗಲೇ ಪ್ರೋಬ್ ಇಟ್ಟು, ಅದು ಜಾರಿ, ಮೇನ್ ಲೈನಿನ ವಿದ್ಯುತ್ತು ಪಕ್ಕದ 3.3 ವೋಲ್ಟಿನ ಕಾಲಿಗೆ ತಗಲಿದರೆ ಚಿಪ್‌ಸೆಟ್ಟಿನ ಕಥೆ ಅಲ್ಲಿಗೆ ಮುಗಿಯಿತು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಒಳಗೆ ಹಾಕಲೂಬಾರದು. ಸ್ಕ್ರೂಗಳನ್ನು ಯಂತ್ರದ ಆಕಾರ ಬರೆದ ಕಾಗದದ ಮೇಲೆ ಅವುಗಳ ಸ್ಥಾನದಲ್ಲಿಯೇ ಚುಚ್ಚಿಡಬೇಕು. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದನ್ನು ಬಿಗಿದರೆ ಅದು ಬೋರ್ಡಿನ ಪದರವನ್ನೇ ಕೊರೆಯುತ್ತದೆ. ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ಸೋಲ್ಡರಿಂಗ್ ಐರನಿನ ಮೊನೆಯಲ್ಲಿಯೇ ಸಣ್ಣ ಸೋರಿಕೆ ಇರುತ್ತದೆ, ಆದ್ದರಿಂದ ಕೆಲಸದ ಮೇಜಿನ ಅರ್ತಿಂಗನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಬೋರ್ಡಿನ ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ಮತ್ತು ಬೋರ್ಡ್‌ವ್ಯೂ (ಭಾಗಗಳ ಸ್ಥಾನ ತೋರಿಸುವ ಫೈಲು) ಹುಡುಕುವಾಗ ಲ್ಯಾಪ್‌ಟಾಪಿನ ಮೇಲಿನ ಮಾದರಿಯ ಹೆಸರು ಉಪಯೋಗಕ್ಕೆ ಬಾರದು. ಒಂದೇ ಹೆಸರಿನ ಯಂತ್ರದಲ್ಲಿ ಬೇರೆ ಬೇರೆ ಬೋರ್ಡುಗಳಿರುತ್ತವೆ. ಬೋರ್ಡಿನ ಮೇಲೆಯೇ ಅಚ್ಚಾಗಿರುವ ಸಂಖ್ಯೆಯನ್ನು, ಅಂದರೆ ಕಾಂಪಾಲ್ ಬೋರ್ಡಾದರೆ ‘ಎಲ್‌ಎ’ ಎಂದೂ ಕ್ವಾಂಟಾ ಬೋರ್ಡಾದರೆ ‘ಡಿಎ0’ ಎಂದೂ ಆರಂಭವಾಗುವುದನ್ನು, ರಿವಿಷನ್ ಸಹಿತ ಬರೆದುಕೊಳ್ಳಬೇಕು.

ವಿದ್ಯುತ್ತಿಲ್ಲದೆ ಅಳೆಯುವುದು

ಬೋರ್ಡನ್ನು ಹೊರತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಎರಡೂ ಬದಿಯನ್ನು ನೋಡಬೇಕು. ಸುಟ್ಟ ಕಲೆ, ಬಿರಿದ ಕೆಪಾಸಿಟರ್, ಹಸಿರು ಪುಡಿ, ಬಿಳಿಯ ಉಪ್ಪು ಕಂಡರೆ ಅಲ್ಲಿಂದಲೇ ಕೆಲಸ ಆರಂಭಿಸಬಹುದು. ನೀರು ಬಿದ್ದ ಬೋರ್ಡನ್ನು ಆಲ್ಕೊಹಾಲಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು ಪೂರ್ತಿ ಒಣಗಿಸುವ ಮೊದಲು ವಿದ್ಯುತ್ತು ಕೊಡಲೇಬಾರದು. ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ತಂದವರ ಬೋರ್ಡಿನಲ್ಲಿ ತುಕ್ಕು ಅಷ್ಟರೊಳಗೆ ತನ್ನ ಕೆಲಸ ಮಾಡಿರುತ್ತದೆ. ಜೊತೆಗೆ ಪೋರ್ಟಿನೊಳಗೆ ಒಂದೆರಡು ಅಕ್ಕಿಕಾಳೂ ಸಿಗುತ್ತವೆ.

ಕಣ್ಣಿಗೆ ಏನೂ ಕಾಣದಿದ್ದರೆ ಕಾಯಿಲ್‌ಗಳ ಸರದಿ. ಬೋರ್ಡಿನ ಮೇಲೆ ಅಲ್ಲಲ್ಲಿ ಕೂತಿರುವ ಚೌಕಾಕಾರದ ಬೂದು ಅಥವಾ ಕಪ್ಪು ಕಾಯಿಲ್ ಒಂದೊಂದೂ ಒಂದೊಂದು ಸಪ್ಲೈಯ ಬಾಗಿಲು. ಮೀಟರನ್ನು ಓಮ್‌ಗೆ ಇಟ್ಟು, ಕಪ್ಪು ಪ್ರೋಬನ್ನು ಸ್ಕ್ರೂ ರಂಧ್ರದ ನೆಲಕ್ಕೂ ಕೆಂಪನ್ನು ಕಾಯಿಲಿಗೂ ಇಟ್ಟು, ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತ ಹೋಗಬೇಕು. ಮೇನ್ ಲೈನಿನಲ್ಲಿ ಹತ್ತಾರು ಕಿಲೋ ಓಮ್ ಅಥವಾ ಅದಕ್ಕಿಂತ ಹೆಚ್ಚು ಬರಬೇಕು. 3.3 ಮತ್ತು 5 ವೋಲ್ಟಿನ ಕಾಯಿಲ್‌ಗಳಲ್ಲಿ ಸಾಮಾನ್ಯವಾಗಿ ಕಿಲೋ ಓಮ್‌ಗಳ ಲೆಕ್ಕ. ರ್‍ಯಾಮಿನ ಸಪ್ಲೈಯಲ್ಲಿ ಅದಕ್ಕಿಂತ ಬಹಳ ಕಡಿಮೆ, ಹತ್ತಾರು ಅಥವಾ ನೂರಾರು ಓಮ್. ಪ್ರೊಸೆಸರಿನ ಕಾಯಿಲ್‌ಗಳಲ್ಲಿ ಕೆಲವೇ ಓಮ್, ಹೊಸ ಪ್ರೊಸೆಸರುಗಳಲ್ಲಿ ಒಂದು ಓಮಿಗಿಂತಲೂ ಕೆಳಗೆ.

ಹೊಸಬರು ಎಡವುವ ಜಾಗ ಇದೇ. ಕಂಟಿನ್ಯೂಟಿಯ ಬೀಪ್‌ನಲ್ಲಿ ಪರೀಕ್ಷಿಸಿದರೆ ಪ್ರೊಸೆಸರಿನ ಕಾಯಿಲ್ ಯಾವಾಗಲೂ ಕೂಗುತ್ತದೆ, ಏಕೆಂದರೆ ಹೆಚ್ಚಿನ ಮೀಟರುಗಳು ಹತ್ತಾರು ಓಮಿನ ಕೆಳಗೆ ಎಲ್ಲದಕ್ಕೂ ಕೂಗುತ್ತವೆ. ಆ ಕೂಗು ಕೇಳಿ ಪ್ರೊಸೆಸರ್ ಶಾರ್ಟ್ ಎಂದು ತೀರ್ಮಾನಿಸಿ ಎಷ್ಟೋ ಒಳ್ಳೆಯ ಬೋರ್ಡುಗಳು ಗುಜರಿಗೆ ಹೋಗಿವೆ. ಬೀಪನ್ನು ನಂಬದೆ ಅಂಕಿಯನ್ನು ಓದಬೇಕು. ಎರಡು ಪ್ರೋಬುಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ 0.2 ಅಥವಾ 0.3 ಓಮನ್ನು ಅದರಿಂದ ಕಳೆಯಬೇಕು. ಅದೇ ಮಾದರಿಯ ಸರಿಯಿರುವ ಬೋರ್ಡು ಕೈಗೆ ಸಿಕ್ಕಾಗಲೆಲ್ಲ ಅದರ ಅಂಕಿಗಳನ್ನು ಬರೆದಿಟ್ಟುಕೊಂಡರೆ ಮುಂದೆ ಅಂತಹ ಪುಸ್ತಕದಷ್ಟು ಉಪಯೋಗದ ವಸ್ತು ಅಂಗಡಿಯಲ್ಲಿ ಬೇರೊಂದಿರುವುದಿಲ್ಲ.

ಮೇನ್ ಲೈನ್ ಶಾರ್ಟ್ ಆಗಿದ್ದಾಗ: ಒಂದು ಉದಾಹರಣೆ

ಬದಿಯಡ್ಕದ ಕಡೆಯ ಒಬ್ಬರು ಮಗಳ ಲ್ಯಾಪ್‌ಟಾಪ್ ತಂದು, “ರಾತ್ರಿ ಚಾರ್ಜಿಗಿಟ್ಟದ್ದು ಮಾರಾಯ್ರೇ, ಬೆಳಿಗ್ಗೆ ನೋಡುವಾಗ ಲೈಟೇ ಇಲ್ಲ. ಗುಡುಗು ಇತ್ತು, ಆದ್ರೆ ನಮ್ಮಲ್ಲಿಗೆ ಬಿದ್ದದ್ದಲ್ಲ” ಎಂದರು. ಅಡಾಪ್ಟರ್ ಸಿಕ್ಕಿಸಿದಾಗ ಅದರ ದೀಪ ಆರಲಿಲ್ಲ. ಈ ಸಣ್ಣ ಸಂಗತಿಗೆ ಬೆಲೆ ಇದೆ: ಸಿಕ್ಕಿಸಿದೊಡನೆ ಅಡಾಪ್ಟರಿನ ದೀಪ ಆರಿ, ತೆಗೆದು ಮತ್ತೆ ಹಾಕಿದಾಗಲೂ ಹಾಗೆಯೇ ಆದರೆ ಶಾರ್ಟು ಜ್ಯಾಕಿನ ಬುಡದಲ್ಲಿಯೇ, ವಿದ್ಯುತ್ತನ್ನು ಬಿಡುವ-ತಡೆಯುವ ಸ್ವಿಚ್ಚಿನಂತಹ ಮೊದಲ ಮಾಸ್ಫೆಟ್ಟಿಗಿಂತ ಮುಂಚೆಯೇ ಇರುವ ಸಂಭವ ಹೆಚ್ಚು, ದೀಪ ಉರಿಯುತ್ತಲೇ ಇದ್ದು ಬೋರ್ಡು ಸತ್ತಿದ್ದರೆ ಚಾರ್ಜಿಂಗ್ ಐಸಿ ಒಳಗೆ ಬಿಡದೆ ಬಾಗಿಲು ಮುಚ್ಚಿಕೊಂಡಿರಬಹುದು.

ಜ್ಯಾಕಿನಿಂದ ಬಂದ ವಿದ್ಯುತ್ತು ಫ್ಯೂಸ್ ದಾಟಿ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಮಾಸ್ಫೆಟ್‌ಗಳ ಮೂಲಕ, ‘ಆರ್010’ ಎಂದು ಬರೆದ ಕರೆಂಟ್ ಅಳೆಯಲು ಇಟ್ಟ 0.01 ಓಮಿನ ಸೆನ್ಸ್ ರೆಸಿಸ್ಟರ್ ದಾಟಿ ಮೇನ್ ಲೈನಿಗೆ ಹೋಗುತ್ತದೆ. ಎಂಟು ಕಾಲಿನ ಮಾಸ್ಫೆಟ್ಟಿನಲ್ಲಿ ಸಾಮಾನ್ಯವಾಗಿ 1, 2, 3 ಸೋರ್ಸ್, 4 ಗೇಟ್ (ತೆರೆಯುವ-ಮುಚ್ಚುವ ಸಂಕೇತ ಬರುವ ಕಾಲು), 5ರಿಂದ 8 ಡ್ರೇನ್. ಈ ಬೋರ್ಡಿನಲ್ಲಿ ಮೊದಲ ಮಾಸ್ಫೆಟ್ಟಿನ ಒಳಬದಿಗೆ 19 ವೋಲ್ಟ್ ಇತ್ತು, ಎರಡನೆಯದರ ಹೊರಬದಿಯಲ್ಲಿ ಏನೂ ಇರಲಿಲ್ಲ. ಅಡಾಪ್ಟರ್ ತೆಗೆದು ಮೇನ್ ಲೈನನ್ನು ನೆಲಕ್ಕೆ ಅಳೆದಾಗ 1.2 ಓಮ್ ಬಂತು. ಶಾರ್ಟು ಇದೆ ಎಂಬುದರಲ್ಲಿ ಸಂಶಯವಿಲ್ಲ.

ಇಲ್ಲಿ ಅವಸರ ಮಾಡಿ ಮೇನ್ ಲೈನಿಗೆ ವೋಲ್ಟೇಜು ಹಾಯಿಸುವುದು ಅಪಾಯ. ಮೇನ್ ಲೈನಿನಿಂದ ಪ್ರೊಸೆಸರಿನ ಕಾಯಿಲಿಗೆ ವಿದ್ಯುತ್ತು ಬಿಡುವ ಮೇಲ್ಬದಿಯ ಮಾಸ್ಫೆಟ್ ಒಳಗೇ ಬೆಸೆದುಹೋಗಿದ್ದರೂ ಮೀಟರಿನಲ್ಲಿ ಇಂತಹದೇ ಅಂಕಿ ಬರುತ್ತದೆ, ಏಕೆಂದರೆ ಆಗ ಮೀಟರ್ ತೋರಿಸುವುದು ಪ್ರೊಸೆಸರಿನದೇ ಕೆಲವು ಓಮ್‌ಗಳನ್ನು. ಆ ಸ್ಥಿತಿಯಲ್ಲಿ ನಾವು ಕೊಟ್ಟ ವೋಲ್ಟೇಜು ನೇರವಾಗಿ ಪ್ರೊಸೆಸರಿಗೆ ಹೋಗುತ್ತದೆ. ಪರೀಕ್ಷೆ ಸುಲಭ: ಒಂದು ಪ್ರೋಬು ಮೇನ್ ಲೈನಿನಲ್ಲಿ, ಇನ್ನೊಂದು ಪ್ರೊಸೆಸರಿನ ಕಾಯಿಲಿನಲ್ಲಿ. ಮೇನ್ ಲೈನಿನಿಂದ ನೆಲಕ್ಕೆ 1.2, ಕಾಯಿಲಿನಿಂದ ನೆಲಕ್ಕೆ 3 ಓಮ್ ಇರುವಾಗ ಅವೆರಡರ ನಡುವೆ ಹೆಚ್ಚುಕಡಿಮೆ 4.2, ಅಂದರೆ ಎರಡರ ಮೊತ್ತ ಬಂದರೆ ಮಾಸ್ಫೆಟ್ ಸರಿಯಿದೆ. ಸೊನ್ನೆಯ ಹತ್ತಿರ ಬಂದರೆ ಅಪರಾಧಿ ಆ ಮಾಸ್ಫೆಟ್ಟೇ. ಪ್ರತಿಯೊಂದು ಕಾಯಿಲಿಗೂ ಈ ಪರೀಕ್ಷೆ ಮಾಡಬೇಕು. ಈ ಬೋರ್ಡಿನಲ್ಲಿ ಎಲ್ಲ ಮಾಸ್ಫೆಟ್‌ಗಳೂ ಪಾಸಾದವು.

ಆಮೇಲೆಯೇ ಡಿಸಿ ಸಪ್ಲೈ. ವೋಲ್ಟೇಜನ್ನು 1ಕ್ಕೆ, ಕರೆಂಟಿನ ಮಿತಿಯನ್ನು 2 ಆಂಪಿಯರಿಗೆ ಇಟ್ಟು, ಕಪ್ಪು ತಂತಿಯನ್ನು ನೆಲಕ್ಕೂ ಕೆಂಪನ್ನು ಸೆನ್ಸ್ ರೆಸಿಸ್ಟರಿನ ಒಳಬದಿಗೂ ಹಿಡಿದಾಗ ಸಪ್ಲೈ ಸುಮಾರು 0.8 ಆಂಪಿಯರ್ ತೋರಿಸಿತು. ಬೋರ್ಡಿನ ಮೇಲೆ ಆಲ್ಕೊಹಾಲನ್ನು ತೆಳುವಾಗಿ ಸವರಿ ಓರೆಬೆಳಕಿನಲ್ಲಿ ನೋಡಿದರೆ, ಎಲ್ಲೆಡೆ ಒದ್ದೆಯಾಗಿ ಹೊಳೆಯುತ್ತಿದ್ದ ಪದರದಲ್ಲಿ 5 ವೋಲ್ಟಿನ ಕಾಯಿಲಿನ ಹತ್ತಿರ ಸಾಲಾಗಿ ಕೂತ ಮೂರು ಕಂದು ಕೆಪಾಸಿಟರುಗಳ ನಡುವಿನದರ ಸುತ್ತ ಮಾತ್ರ ಒಂದು ಒಣ ವೃತ್ತ ಮೂಡಿ, ನೋಡನೋಡುತ್ತಿದ್ದಂತೆ ಅಗಲವಾಯಿತು. ಕೆಪಾಸಿಟರಿನ ಹೊರಮೈಯಲ್ಲಿ ಬಿರುಕಾಗಲಿ ಕಪ್ಪಾಗಲಿ ಏನೂ ಇರಲಿಲ್ಲ. ಥರ್ಮಲ್ ಕ್ಯಾಮೆರಾ ಇದ್ದರೆ ಇದು ಇನ್ನೂ ಸುಲಭ, ಆದರೆ ಆಲ್ಕೊಹಾಲಿನ ಖರ್ಚು ಕೆಲವು ರೂಪಾಯಿ. ಆಲ್ಕೊಹಾಲಿಗೆ ಬೆಂಕಿ ಹತ್ತಿಕೊಳ್ಳುತ್ತದೆ ಎಂಬುದನ್ನು ಮಾತ್ರ ಮರೆಯದೆ, ಐರನನ್ನು ದೂರ ಇಟ್ಟು, ಕಿಟಕಿ ತೆರೆದು ಈ ಕೆಲಸ ಮಾಡಬೇಕು.

ಆ ಕೆಪಾಸಿಟರನ್ನು ಕಿತ್ತ ಮೇಲೆ ಮೇನ್ ಲೈನು ನೂರು ಕಿಲೋ ಓಮಿನ ಮೇಲಕ್ಕೆ ಹೋಯಿತು. ಇಂತಹ ಕೆಪಾಸಿಟರುಗಳು ಒಂದೇ ಲೈನಿನಲ್ಲಿ ಹಲವಾರು ಸಮಾನಾಂತರವಾಗಿ ಇರುವುದರಿಂದ ಒಂದಿಲ್ಲದೆಯೂ ಬೋರ್ಡು ಚಾಲೂ ಆಗುತ್ತದೆ; ಆದರೂ ಅದೇ ಗಾತ್ರದ, ಕನಿಷ್ಠ 25 ವೋಲ್ಟ್ ತಾಳುವ ಇನ್ನೊಂದನ್ನು ಕೂರಿಸುವುದೇ ಮರ್ಯಾದೆಯ ಕೆಲಸ. ಗುಜರಿಯಿಂದ ತಂದ ಹಳೆಯ ಬೋರ್ಡು ಇದಕ್ಕೆ ಸಾಕು. ಇಷ್ಟಕ್ಕಾಗಿ ಮಂಗಳೂರಿಗೆ ಹೋಗಬೇಕಿಲ್ಲ. ಬೋರ್ಡಿನ ಸೀಸವಿಲ್ಲದ ಬೆಸುಗೆ ಕರಗುವುದು 217 ಡಿಗ್ರಿಯ ಆಸುಪಾಸಿನಲ್ಲಿ, ಸೀಸ ಬೆರೆತ 63/37ರ ಬೆಸುಗೆ 183ರಲ್ಲಿ. ಹಳೆಯ ಬೆಸುಗೆಗೆ ಸ್ವಲ್ಪ ಸೀಸದ ಬೆಸುಗೆ ಬೆರೆಸಿಕೊಂಡರೆ ಕಿತ್ತುವುದು ಸುಲಭ, ಪಕ್ಕದ ಭಾಗಗಳಿಗೂ ಬಿಸಿ ಕಡಿಮೆ.

ಶಾರ್ಟು ಇಲ್ಲ, ಆದರೂ ಏಳುವುದಿಲ್ಲ

ಇದು ಹೆಚ್ಚು ತಾಳ್ಮೆ ಬೇಡುವ ದೋಷ. ಇಲ್ಲಿಂದ ಮುಂದೆ ವಿದ್ಯುತ್ತು ಇರುವಾಗ ಅಳೆಯಬೇಕಾಗುತ್ತದೆ, ಆದ್ದರಿಂದ ಕಪ್ಪು ಪ್ರೋಬನ್ನು ಕ್ಲಿಪ್ಪಿನಿಂದ ನೆಲಕ್ಕೆ ಕಚ್ಚಿಸಿ, ಒಂದೇ ಕೈಯಲ್ಲಿ ಕೆಂಪು ಪ್ರೋಬ್ ಹಿಡಿದು ಕೆಲಸ ಮಾಡುವ ಅಭ್ಯಾಸ ಒಳ್ಳೆಯದು. ಹೀಟ್‌ಸಿಂಕ್ ಮತ್ತು ಫ್ಯಾನ್ ಇಲ್ಲದೆ ಬೋರ್ಡನ್ನು ಚಾಲೂ ಮಾಡಬಾರದು.

ಡಿಸಿ ಸಪ್ಲೈಯಿಂದ 19 ವೋಲ್ಟ್ ಕೊಟ್ಟು ಬಟನ್ ಒತ್ತದೆ ನೋಡಿದಾಗ ಕರೆಂಟು ಪೂರ್ತಿ ಸೊನ್ನೆಯಾಗಿದ್ದರೆ ವಿದ್ಯುತ್ತು ಒಳಗೇ ಬಂದಿಲ್ಲ: ಜ್ಯಾಕ್, ಫ್ಯೂಸ್, ಮೊದಲ ಮಾಸ್ಫೆಟ್, ಚಾರ್ಜಿಂಗ್ ಐಸಿ ನೋಡಬೇಕು. 0.01ರಿಂದ 0.03ರಷ್ಟಿದ್ದರೆ ಬೋರ್ಡು ನಿದ್ದೆಯಲ್ಲಿದೆ, ಬಟನ್ ಒತ್ತುವುದಕ್ಕೆ ಕಾಯುತ್ತಿದೆ. ಒತ್ತಿದ ಮೇಲೂ ಅಲ್ಲಿಯೇ ಇದ್ದರೆ ಒಂದು ದಾರಿ, ಸ್ವಲ್ಪ ಏರಿ ಒಡನೆ ಬಿದ್ದರೆ ಇನ್ನೊಂದು, ಏರಿದ್ದು ಅಲುಗಾಡದೆ ಒಂದೇ ಅಂಕಿಯಲ್ಲಿ ನಿಂತರೆ ಮತ್ತೊಂದು. ಸರಿಯಾಗಿ ಬೂಟ್ ಆಗುತ್ತಿರುವ ಬೋರ್ಡಿನ ಅಂಕಿ ಕುಣಿಯುತ್ತಿರುತ್ತದೆ.

ಒಳಗೇ ಬಾರದ ಪ್ರಸಂಗದಲ್ಲಿ ಇನ್‌ಪುಟ್ ಮಾಸ್ಫೆಟ್ಟಿನ ಗೇಟನ್ನು ಅಳೆಯಬೇಕು. ಎನ್-ಚಾನೆಲ್ ಮಾಸ್ಫೆಟ್ ತೆರೆದುಕೊಳ್ಳಬೇಕಾದರೆ ಗೇಟಿನಲ್ಲಿ ಸೋರ್ಸಿಗಿಂತ ಹೆಚ್ಚು, ಅಂದರೆ 19ರ ಲೈನಿನಲ್ಲಿ 25ರ ಹತ್ತಿರ ವೋಲ್ಟೇಜು ಇರಬೇಕು, ಅದನ್ನು ಕೊಡುವುದು ಚಾರ್ಜಿಂಗ್ ಐಸಿ. ಗೇಟಿನಲ್ಲಿ ಅದು ಬರದಿದ್ದರೆ ಐಸಿಗೆ ತನ್ನ ವಿದ್ಯುತ್ತು ಸಿಗುತ್ತಿದೆಯೇ, ಅಡಾಪ್ಟರ್ ಪತ್ತೆಯ ಕಾಲಿನಲ್ಲಿ ಬೇಕಾದಷ್ಟು ವೋಲ್ಟೇಜಿದೆಯೇ ಎಂದು ನೋಡಬೇಕು. ಬಿಕ್ಯೂ 24735ರಂತಹ ಐಸಿಯಲ್ಲಿ ಆ ಕಾಲಿಗೆ 2.4 ವೋಲ್ಟಿಗಿಂತ ಹೆಚ್ಚು ಬರಬೇಕು, ಮತ್ತು ಅದು ಬರುವುದು ಎರಡು ಸಣ್ಣ ರೆಸಿಸ್ಟರುಗಳ ಹಂಚಿಕೆಯಿಂದ. ತೇವದಿಂದ ಅವುಗಳಲ್ಲಿ ಒಂದು ಕೆಟ್ಟರೂ ಸಾಕು, ಅಡಾಪ್ಟರ್ ಬಂದದ್ದೇ ಐಸಿಗೆ ತಿಳಿಯುವುದಿಲ್ಲ. ಐಸಿ ಬದಲಿಸುವ ಮೊದಲು ಆ ಎರಡನ್ನು ಅಳೆಯದವರು ಒಳ್ಳೆಯ ಐಸಿ ತೆಗೆದು ಇನ್ನೊಂದು ಒಳ್ಳೆಯ ಐಸಿ ಹಾಕುತ್ತಾರೆ.

ಮೇನ್ ಲೈನಿನಲ್ಲಿ 19 ಇದ್ದರೆ ಮುಂದಿನದು 3.3 ಮತ್ತು 5 ವೋಲ್ಟಿನ ಐಸಿ. ಟಿಪಿಎಸ್ 51225 ಇಂತಹದೊಂದು. ಅದು ಮೊದಲು ತನ್ನೊಳಗಿನ ಸಣ್ಣ ರೆಗ್ಯುಲೇಟರಿನಿಂದ 3.3 ವೋಲ್ಟ್ ಕೊಡುತ್ತದೆ, ಚಾಲೂ ಮಾಡು ಎನ್ನುವ ಎನೇಬಲ್ ಸಂಕೇತ ಬಂದ ಮೇಲೆ ಕಾಯಿಲ್‌ಗಳ ಮೂಲಕ ದೊಡ್ಡ ಸಪ್ಲೈ ಆರಂಭಿಸುತ್ತದೆ. ಸಣ್ಣದು ಇದ್ದು ದೊಡ್ಡದು ಇಲ್ಲದಿದ್ದರೆ ಎನೇಬಲ್ ಕಾಲನ್ನು ನೋಡಬೇಕು. ಸಣ್ಣದೇ ಇಲ್ಲದಿದ್ದರೆ ಐಸಿ ಸತ್ತಿದೆ ಅಥವಾ ಆ ಲೈನನ್ನು ಇನ್ನೊಂದು ಭಾಗ ಕೆಳಗೆಳೆಯುತ್ತಿದೆ.

ಇವೆಲ್ಲ ಇದ್ದರೆ ಬಟನಿನ ಸರದಿ. ಬಟನಿನ ಕಾಲಿನಲ್ಲಿ ಸಾಮಾನ್ಯವಾಗಿ 3.3 ವೋಲ್ಟ್ ಇದ್ದು, ಒತ್ತಿದಾಗ ಸೊನ್ನೆಗಿಳಿದು, ಬಿಟ್ಟಾಗ ಮತ್ತೆ ಏರಬೇಕು. ಹರಿದ ರಿಬ್ಬನ್ ಕೇಬಲ್ ಎಷ್ಟೋ ಸಲ ಇಡೀ ರೋಗವಾಗಿರುತ್ತದೆ. ಮುಚ್ಚಳ ಮುಚ್ಚಿದ್ದನ್ನು ಆಯಸ್ಕಾಂತದಿಂದ ತಿಳಿಯುವ ಲಿಡ್ ಸೆನ್ಸರ್ ಕೆಟ್ಟು, ಮುಚ್ಚಳ ಮುಚ್ಚಿಯೇ ಇದೆ ಎಂದು ಹೇಳುತ್ತಿದ್ದರೆ ಕೆಲವು ಮಾದರಿಗಳು ಏಳುವುದಿಲ್ಲ. ಬಟನ್ ಸರಿಯಿದ್ದರೆ, ಸಪ್ಲೈಗಳು ಸಿದ್ಧ ಎಂದು ಕಂಟ್ರೋಲರಿನಿಂದ ಚಿಪ್‌ಸೆಟ್ಟಿಗೆ ಹೋಗುವ ಆರ್‌ಎಸ್‌ಎಂಆರ್‌ಎಸ್‌ಟಿ ಸಂಕೇತ ಮೇಲಿರಬೇಕು, ನಿದ್ದೆ ಮುಗಿಯಿತೆಂದು ಅಲ್ಲಿಂದ ಬರುವ ಎಸ್‌ಎಲ್‌ಪಿ ಎಸ್4 ಮತ್ತು ಎಸ್3 ಸಂಕೇತಗಳು ಮೇಲೇಳಬೇಕು. ಮೊದಲನೆಯದೇ ಇಲ್ಲದಿದ್ದರೆ ದೋಷ ಕಂಟ್ರೋಲರಿನ ಬದಿಗೆ. ಅದಿದ್ದು ಎಸ್‌ಎಲ್‌ಪಿ ಬರದಿದ್ದರೆ ಚಿಪ್‌ಸೆಟ್ಟಿನ ಬದಿಗೆ, ಅಲ್ಲಿ 32.768 ಕಿಲೋಹರ್ಟ್ಸಿನ ಕ್ರಿಸ್ಟಲ್ಲನ್ನೂ 3 ವೋಲ್ಟಿನ ಸಿಮೋಸ್ ಬ್ಯಾಟರಿಯ ಲೈನನ್ನೂ ನೋಡಬೇಕು.

ಎಲ್ಲ ಸಪ್ಲೈ ಬಂದು ಫ್ಯಾನ್ ತಿರುಗಿಯೂ ಚಿತ್ರ ಬರದಿದ್ದರೆ ಮೊದಲು ಹೊರಗಿನ ಮಾನಿಟರ್, ಆಮೇಲೆ ರ್‍ಯಾಮ್. ಒಂದೇ ರ್‍ಯಾಮ್ ಇಟ್ಟು, ಸ್ಲಾಟ್ ಬದಲಿಸಿ, ಅದರ ಚಿನ್ನದ ಪಟ್ಟಿಗಳನ್ನು ರಬ್ಬರಿನಿಂದ ಉಜ್ಜಿ ನೋಡಬೇಕು. ಮಳೆಗಾಲದಲ್ಲಿ ಇದೇ ದೊಡ್ಡ ರಿಪೇರಿ. ಡೆಲ್ ಯಂತ್ರದಲ್ಲಿ ಬಿಳಿ ಮತ್ತು ಹಳದಿ ದೀಪ, ಎಚ್‌ಪಿಯಲ್ಲಿ ಕ್ಯಾಪ್ಸ್‌ಲಾಕ್ ದೀಪ ಮಿಟುಕುವ ಲೆಕ್ಕದಲ್ಲಿ ದೋಷದ ಸಂಖ್ಯೆ ಇರುತ್ತದೆ. ರ್‍ಯಾಮ್ ಬದಲಿಸಿದ ಮೊದಲ ಸಲ ಕೆಲವು ಯಂತ್ರಗಳು ನಿಮಿಷದಷ್ಟು ಹೊತ್ತು ಕಪ್ಪಾಗಿಯೇ ಇರುತ್ತವೆ, ಬೇಸತ್ತು ಬಟನ್ ಒತ್ತಿ ಆರಿಸಬಾರದು.

ಬಯೋಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಪ್ರೋಗ್ರಾಂ) ಕೆಟ್ಟಿರುವ ಅನುಮಾನ ಕೊನೆಯದಾಗಿರಲಿ. ಅದನ್ನು ಇಟ್ಟಿರುವ ಎಂಟು ಕಾಲಿನ ಫ್ಲಾಶ್ ಚಿಪ್ಪಿನಲ್ಲಿ 3.3 ವೋಲ್ಟಿನವು ಮತ್ತು 1.8 ವೋಲ್ಟಿನವು ಎಂದು ಎರಡು ಬಗೆ ಇವೆ. ಅಗ್ಗದ ಸಿಎಚ್341ಎ ಪ್ರೋಗ್ರಾಮರಿನ ಕಪ್ಪು ಬೋರ್ಡು ಡೇಟಾ ಕಾಲುಗಳಿಗೆ 5 ವೋಲ್ಟ್ ಕೊಡುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಅದನ್ನು ತಿದ್ದಿಕೊಳ್ಳದೆ ಬಳಸಬಾರದು, 1.8ರ ಚಿಪ್ಪಿಗಾದರೆ ವೋಲ್ಟೇಜು ಇಳಿಸುವ ಅಡಾಪ್ಟರ್ ಇಲ್ಲದೆಯೂ ಬಳಸಬಾರದು. ಚಿಪ್ಪನ್ನು ಎರಡು ಸಲ ಓದಿ, ಎರಡೂ ಫೈಲುಗಳು ಒಂದೇ ಆಗಿದ್ದರೆ ಮಾತ್ರ ಅದನ್ನು ಪ್ರತಿಯೆಂದು ಜೋಪಾನ ಮಾಡಿ, ಆಮೇಲೆ ಬರೆಯಬೇಕು. ಯಂತ್ರದ ಸೀರಿಯಲ್ ಸಂಖ್ಯೆಯಂತಹ ವಿವರಗಳು ಆ ಮೂಲ ಪ್ರತಿಯಲ್ಲಿಯೇ ಇರುತ್ತವೆ.

ಎಲ್ಲಿ ನಿಲ್ಲಿಸಬೇಕು

ಪ್ರೊಸೆಸರ್ ಅಥವಾ ಚಿಪ್‌ಸೆಟ್ಟಿನೊಳಗೇ ಶಾರ್ಟು ಎಂದು ಖಚಿತವಾದರೆ ಹೊಸಬರು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಇಂತಹ ಬಿಜಿಎ ಚಿಪ್ (ಅಡಿಯಲ್ಲಿ ಬೆಸುಗೆಯ ಗುಂಡುಗಳಿರುವಂತಹದು) ಬದಲಿಸಲು ಬೇರೆಯದೇ ಯಂತ್ರ ಬೇಕು, ಹಲವು ವೇಳೆ ಅದರ ಖರ್ಚು ಹಳೆಯ ಲ್ಯಾಪ್‌ಟಾಪಿನ ಬೆಲೆಯನ್ನು ಮೀರುತ್ತದೆ. ಬೋರ್ಡಿನ ಪದರಗಳ ನಡುವೆ ತುಕ್ಕು ಹೊಕ್ಕಿದ್ದರೂ ಹಾಗೆಯೇ: ಇಂದು ಎದ್ದರೂ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಆಗ ಬಂದವರಿಗೆ ಬೇಕಾಗುವುದು ಒಳಗಿರುವ ಫೋಟೋ, ಪ್ರಾಜೆಕ್ಟ್, ತೋಟದ ಲೆಕ್ಕ. ಎಸ್‌ಎಸ್‌ಡಿ ಬಿಚ್ಚಿ ತೆಗೆಯುವಂತಹದಾದರೆ ಯುಎಸ್‌ಬಿ ಕೇಸಿನಲ್ಲಿ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ ಓದಬಹುದು. ಆದರೆ ವಿಂಡೋಸ್ ಯಂತ್ರದಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ಕೀಲಿ ಸತ್ತ ಬೋರ್ಡಿನ ಟಿಪಿಎಂ ಎಂಬ ಭದ್ರತೆಯ ಭಾಗದಲ್ಲಿ ಇರುವುದರಿಂದ 48 ಅಂಕಿಗಳ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದವರಿಗೆ ಅದು ಹೆಚ್ಚಾಗಿ ಆ ಖಾತೆಯಲ್ಲಿಯೇ ಸಿಗುತ್ತದೆ. ಖಾತೆಯ ಇಮೇಲ್ ಯಾವುದು, ಅದರ ಪಾಸ್‌ವರ್ಡ್ ನೆನಪಿದೆಯೇ ಎಂದು ಬೋರ್ಡು ಬಿಚ್ಚುವ ದಿನವೇ ಕೇಳಿ, ಕೀಲಿಯನ್ನು ಅವರೇ ಬರೆದಿಟ್ಟುಕೊಳ್ಳುವಂತೆ ಹೇಳಬೇಕು.

ರಿಪೇರಿಯಾದ ಬೋರ್ಡನ್ನು ಕೂಡ ಒಡನೆ ಕೊಟ್ಟುಬಿಡಬಾರದು. ಕೇಸಿಗೆ ಹಾಕುವ ಮೊದಲು ಒಂದು ಗಂಟೆಯಾದರೂ ಹೊರೆ ಕೊಟ್ಟು ಓಡಿಸಿ, ಬದಲಿಸಿದ ಭಾಗ ಬಿಸಿಯಾಗುತ್ತಿದೆಯೇ ಎಂದು ನೋಡಬೇಕು. ಬ್ಯಾಟರಿ ಸೇರಿಸಿ ಚಾರ್ಜ್ ಏರುತ್ತಿದೆಯೇ, ಅಡಾಪ್ಟರ್ ಕಿತ್ತಾಗ ಆರದೆ ಬ್ಯಾಟರಿಯಲ್ಲಿ ಮುಂದುವರಿಯುತ್ತದೆಯೇ, ಸ್ಲೀಪಿಗೆ ಹೋಗಿ ಮರಳುತ್ತದೆಯೇ ಎಂದು ಪರೀಕ್ಷಿಸಿ, ಎಲ್ಲ ಕಾಯಿಲ್‌ಗಳ ವೋಲ್ಟೇಜನ್ನು ಬೋರ್ಡಿನ ಸಂಖ್ಯೆಯ ಕೆಳಗೆ ಪುಸ್ತಕದಲ್ಲಿ ಬರೆದ ಮೇಲೆ ಕೊನೆಯ ಸ್ಕ್ರೂ ಬಿಗಿಯಬಹುದು.